ಜವಾರಿ ಕೋಳಿಗೆ ಹದಿನೈದು ಮನೆಗಳ ಕೂಟ: ತಳಿ ಉಳಿಸುವ ಕೆಲಸ ಆರಂಭಿಸುವುದು ಹೇಗೆ?



ಹುಮನಾಬಾದ್ ಮತ್ತು ಬಸವಕಲ್ಯಾಣ ಭಾಗದ ಹಳ್ಳಿಗಳಿಗೆ ದನಗಳ ತಪಾಸಣೆಗೆಂದು ಹೋದಾಗ, ಎಮ್ಮೆ ಆಕಳಿನ ಮಾತು ಮುಗಿದ ಮೇಲೆ ತಾಯಂದಿರು ಕೋಳಿಯ ಮಾತು ತೆಗೆಯುತ್ತಾರೆ. "ಮೊದಲಿನಂಥ ಜವಾರಿ ಕೋಳಿ ಈಗ ಯಾಕ ಉಳಿವಲ್ವು ಡಾಕ್ಟ್ರೇ?" ಎಂಬುದು ಒಂದು ಪ್ರಶ್ನೆ. "ಒಳ್ಳೆ ತಳಿ ಎಲ್ಲಿ ಸಿಗ್ತದ, ಹ್ಯಾಂಗ ಶುರು ಮಾಡಬೇಕು?" ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ. ಕೋಳಿಯನ್ನು ಒಂದು ಮನೆ ಸಾಕಬಹುದು, ತಳಿಯನ್ನು ಒಂದೇ ಮನೆ ಉಳಿಸಲಾರದು. ಅದಕ್ಕೆ ಹತ್ತು ಹದಿನೈದು ಮನೆಗಳು ಕೂಡಬೇಕು. ಎರಡೆರಡು ಲೀಟರ್ ಹಾಲು ಕೂಡಿಸಿ ಸಂಘ ಕಟ್ಟಿದ ನಮಗೆ ಇದು ಹೊಸ ಪಾಠವಲ್ಲ.

ಶರಣರ ಈ ನಾಡಿನಲ್ಲಿ ಕೋಳಿ ಸಾಕದ ಮನೆಗಳು ಬಹಳ ಇವೆ. ಈ ಲೇಖನ ಅಂಗಳದಲ್ಲಿ ಈಗಾಗಲೇ ನಾಲ್ಕಾರು ಕೋಳಿ ಇಟ್ಟುಕೊಂಡವರಿಗೆ. ಹಾಲಿನ ಹಣ ಬ್ಯಾಂಕಿನ ಖಾತೆಗೆ ಬರುತ್ತದೆ, ತತ್ತಿಯ ಹಣ ತಾಯಿಯ ಸೆರಗಿನ ಗಂಟಿಗೆ ಬರುತ್ತದೆ. ಮಕ್ಕಳ ನೋಟುಬುಕ್ಕು, ಬಸ್ ಚಾರ್ಜು, ಜ್ವರದ ಗುಳಿಗೆ ಹೆಚ್ಚಾಗಿ ಆ ಗಂಟಿನಿಂದಲೇ. ಹಾಗಾಗಿ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಜವಾರಿ ಯಾವುದು, ಸುಧಾರಿತ ಯಾವುದು?

ಸಂತೆಯಲ್ಲಿ ಮಾರುವ ಬಣ್ಣದ ಕೋಳಿಗಳೆಲ್ಲ ಜವಾರಿಯಲ್ಲ. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಕೋಳಿ. ಸ್ವರ್ಣಧಾರಾ ಆಮೇಲೆ ಅಲ್ಲಿಂದಲೇ ಬಂತು. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದವು. ಇವು ಒಳ್ಳೆಯ ಕೋಳಿಗಳೇ. ಬೇಗ ಬೆಳೆಯುತ್ತವೆ, ಗಿರಿರಾಜ ವರ್ಷಕ್ಕೆ 130ರಿಂದ 150 ತತ್ತಿ ಇಡುತ್ತದೆ. ಆದರೆ ಇವು ಕಾವಿಗೆ ಕೂರುವುದಿಲ್ಲ. ಇವುಗಳ ತತ್ತಿಯಿಂದ ಮರಿ ಮಾಡಿಸಿದರೂ ಆ ಮರಿಗಳು ತಂದೆ ತಾಯಿಯಂತೆ ಒಂದೇ ಸಮನಾಗಿ ಬರುವುದಿಲ್ಲ. ಪ್ರತಿ ಸಲ ಮರಿ ಕೊಂಡು ತರಬೇಕು.

ಜವಾರಿ ಹೇಂಟೆ ವರ್ಷಕ್ಕೆ ಇಡುವುದು 60ರಿಂದ 80 ತತ್ತಿ. ತೂಕ ಒಂದೂವರೆ ಕಿಲೋ ದಾಟುವುದು ಅಪರೂಪ. ಆದರೆ ಅದು ತಾನೇ ಕಾವು ಕೂರುತ್ತದೆ, ಮರಿಗಳನ್ನು ಹದ್ದಿನಿಂದ ಕಾಯುತ್ತದೆ, ಕಣದ ಕಾಳು, ತಿಪ್ಪೆಯ ಹುಳ ಹೆಕ್ಕಿ ಹೊಟ್ಟೆ ತುಂಬಿಕೊಳ್ಳುತ್ತದೆ. ಅಮೆರಿಕದ ತಳಿ ಸಂರಕ್ಷಣಾ ಸಂಸ್ಥೆಯೊಂದು 2009ರಲ್ಲಿ 'ಪಾರಂಪರಿಕ ಕೋಳಿ' ಎನ್ನಲು ಕೆಲವು ಷರತ್ತು ಹಾಕಿತು. ಹುಂಜ ಹೇಂಟೆ ತಾವಾಗಿಯೇ ಕೂಡಿ ಸಂತಾನ ಮಾಡಬೇಕು, ಬಯಲಿನಲ್ಲಿ ಬಹುಕಾಲ ಬಾಳಬೇಕು, ನಿಧಾನವಾಗಿ ಬೆಳೆಯಬೇಕು ಎಂಬುವು ಅವುಗಳಲ್ಲಿ ಮುಖ್ಯ. ಈ ಮೂರರಲ್ಲೂ ನಮ್ಮ ಅಂಗಳದ ಕೋಳಿ ತೇರ್ಗಡೆಯಾಗುತ್ತದೆ.

ತೊಂದರೆ ಬರುವುದು ಎರಡನ್ನೂ ಒಂದೇ ಅಂಗಳದಲ್ಲಿ ಬಿಟ್ಟಾಗ. ಗಿರಿರಾಜ ಹುಂಜ ಓಣಿಗೆ ಬಂದ ಮೇಲೆ ಹುಟ್ಟುವ ಮರಿಗಳು ದೊಡ್ಡವಾಗಿ ಕಾಣುತ್ತವೆ, ನಿಜ. ಎರಡು ಮೂರು ತಲೆಮಾರಿನಲ್ಲಿ ಕಾವು ಕೂರುವ ಗುಣ ಕಡಿಮೆಯಾಗುತ್ತದೆ. ಆಮೇಲೆ ಅತ್ತ ಗಿರಿರಾಜವೂ ಅಲ್ಲ, ಇತ್ತ ಜವಾರಿಯೂ ಅಲ್ಲ. ಎರಡೂ ಬೇಕಿದ್ದವರು ಸುಧಾರಿತ ಕೋಳಿಯಲ್ಲಿ ಹೇಂಟೆಗಳನ್ನಷ್ಟೇ ಇಟ್ಟುಕೊಳ್ಳಿ, ಹುಂಜ ಜವಾರಿಯದೇ ಇರಲಿ, ಕಾವಿಗೆ ಇಡುವುದು ಜವಾರಿ ತತ್ತಿ ಮಾತ್ರ.

ಒಂದೇ ಹುಂಜದ ಲೆಕ್ಕ

ಹಲವು ಮನೆಗಳಲ್ಲಿ ಇರುವುದು ಒಂದು ಹುಂಜ, ಏಳೆಂಟು ಹೇಂಟೆ. ಆ ಹುಂಜದ ಮಗ ಮುಂದಿನ ವರ್ಷ ತನ್ನ ಅಕ್ಕ ತಂಗಿಯರೊಂದಿಗೇ ಕೂಡುತ್ತಾನೆ. ನಾವು ಬೆಡಗು ನೋಡಿ, ಗೋತ್ರ ನೋಡಿ ಮದುವೆ ಮಾಡುವವರು. ಕೋಳಿಗೆ ಮಾತ್ರ ಆ ನಿಯಮವನ್ನೇ ಮರೆತಿದ್ದೇವೆ.

ಒಂದು ಹುಂಜ, 8 ಹೇಂಟೆ ಇರುವ ಮನೆಯಲ್ಲಿ ಹೊರಗಿನ ರಕ್ತ ಬಾರದಿದ್ದರೆ, ಪ್ರತಿ ತಲೆಮಾರಿಗೆ ರಕ್ತಸಂಬಂಧದ ಪ್ರಮಾಣ ಸುಮಾರು ಶೇ 14ರಷ್ಟು ಏರುತ್ತದೆ. ಇದರ ಫಲ ಕಣ್ಣಿಗೆ ಕಾಣುತ್ತದೆ: ಬಂಜೆ ತತ್ತಿ ಹೆಚ್ಚು, ಚಿಪ್ಪಿನೊಳಗೇ ಸತ್ತ ಮರಿ, ಸಣ್ಣ ರೋಗಕ್ಕೂ ಸಾಯುವ ಪಿಳ್ಳೆ. "ಕೋಳಿ ಉಳಿಯುತ್ತಿಲ್ಲ" ಎಂಬ ದೂರಿಗೆ ರೋಗದ ಜತೆಗೆ ಇದೂ ಒಂದು ಕಾರಣ.

ಅಷ್ಟೇ ಕೋಳಿಗಳಿರುವ 15 ಮನೆಗಳು ಹುಂಜಗಳನ್ನು ಕ್ರಮವಾಗಿ ಬದಲಾಯಿಸಿಕೊಂಡರೆ 15 ಹುಂಜ, 120 ಹೇಂಟೆಗಳ ಒಂದೇ ಹಿಂಡಿನ ಲೆಕ್ಕವಾಗುತ್ತದೆ. ಆಗ ಏರಿಕೆ ಶೇ 1ಕ್ಕೂ ಕೆಳಗೆ ಇಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಳಿ ಸಂರಕ್ಷಣೆಗೆ ಹೇಳುವ ಮಿತಿಯೂ ಶೇ 1. ಯಾರೂ ಹೊಸ ಶೆಡ್ ಕಟ್ಟಬೇಕಿಲ್ಲ, ಹೆಚ್ಚು ಕೋಳಿ ಕೊಳ್ಳಬೇಕಿಲ್ಲ. ಹುಂಜ ಓಣಿ ಬದಲಿಸಿದರೆ ಸಾಕು.

ಕೂಟ ಕಟ್ಟುವುದು

ಕೋಳಿ ಸಾಕುವವರ ಕೂಟ ಜಗತ್ತಿಗೆ ಹಳೆಯದು. ಅಮೆರಿಕದ ಕುಕ್ಕುಟ ಸಂಘ 1873ರಲ್ಲಿ, ಬ್ರಿಟನ್ನಿನ ಕುಕ್ಕುಟ ಕ್ಲಬ್ 1877ರಲ್ಲಿ ಆರಂಭವಾದವು. ಅವರ ಕೆಲಸ ಪ್ರದರ್ಶನ ನಡೆಸುವುದಷ್ಟೇ ಅಲ್ಲ. ಯಾವ ತಳಿ ಹೇಗಿರಬೇಕು ಎಂದು ಎಲ್ಲರೂ ಕೂತು ಒಪ್ಪಿ, ಪುಸ್ತಕದಲ್ಲಿ ಬರೆದಿಡುತ್ತಾರೆ. ಅಮೆರಿಕದ ಸಂಘದ ಮೊದಲ ಪುಸ್ತಕ 1874ರಲ್ಲೇ ಬಂತು. ನಮ್ಮ ಅಸೀಲ್ ಕೋಳಿ ಇಂಗ್ಲೆಂಡಿಗೆ ಹೋಗಿ ಕಾರ್ನಿಶ್ ತಳಿಗೆ ಮೂಲವಾಯಿತು, ಆ ಕಾರ್ನಿಶ್ ಇಂದಿನ ಬ್ರಾಯ್ಲರ್‌ಗೆ ಮೂಲವಾಯಿತು. ಹುಮನಾಬಾದಿನ ಅಂಗಡಿಯಲ್ಲಿ ತೂಗುವ ಬ್ರಾಯ್ಲರ್‌ನಲ್ಲೂ ನಮ್ಮ ದೇಶದ ಕೋಳಿಯ ರಕ್ತವಿದೆ. ಬರೆದಿಟ್ಟವರು ಅವರು, ಅದಕ್ಕೇ ಲಾಭವೂ ಅವರಿಗೆ ಹೋಯಿತು.

ನಮಗೆ ಹೊಸ ನೋಂದಣಿ ಬೇಕಿಲ್ಲ. ಬೀದರ್ ಜಿಲ್ಲೆ ಸ್ವಸಹಾಯ ಗುಂಪುಗಳಿಗೆ ಹೆಸರಾದದ್ದು. 10ರಿಂದ 20 ಸದಸ್ಯೆಯರ ಗುಂಪು ನಿಮ್ಮ ಊರಲ್ಲೇ ಇರುತ್ತದೆ, ಮಹಿಳಾ ಹಾಲು ಸಂಘವಿದ್ದರೆ ಇನ್ನೂ ಅನುಕೂಲ. ತಿಂಗಳ ಸಭೆಯಲ್ಲಿ ಕೋಳಿಗೆ ಅರ್ಧ ಗಂಟೆ ಕೊಟ್ಟರೆ ಅದೇ ಕೂಟ. ಐದು ನಿಯಮಗಳು ಸಾಕು:

1. ಮನೆಗಳು ಬೇರೆ ಬೇರೆ ಓಣಿಯಲ್ಲಿ ಅಥವಾ ಅಕ್ಕಪಕ್ಕದ ಊರುಗಳಲ್ಲಿ ಇರಲಿ. ಒಂದೇ ಓಣಿಯ ಕೋಳಿಗಳು ಹಗಲೆಲ್ಲ ಕೂಡಿಯೇ ಮೇಯುತ್ತವೆ, ಅವು ಲೆಕ್ಕಕ್ಕೆ ಒಂದೇ ಮನೆ.

2. ಮನೆಗಳಿಗೆ 1ರಿಂದ 15ರವರೆಗೆ ಸಂಖ್ಯೆ ಕೊಡಿ. ಪ್ರತಿ ವರ್ಷ 1ನೇ ಮನೆಯಲ್ಲಿ ಹುಟ್ಟಿದ ಹುಂಜ 2ಕ್ಕೆ, 2ರದು 3ಕ್ಕೆ, 15ರದು 1ಕ್ಕೆ ಹೋಗಬೇಕು. ಹೇಂಟೆ ತವರಲ್ಲೇ ಇರಲಿ, ಹುಂಜ ಮನೆ ಅಳಿಯನಾಗಿ ಹೋಗಲಿ. ದಿಕ್ಕು ಎಂದೂ ತಿರುಗಬಾರದು.

3. ಹಳೆಯ ಹುಂಜವನ್ನು ತೆಗೆದು ಹೊಸದನ್ನು ಬಿಟ್ಟ ಮೇಲೆ ಮೂರು ವಾರ ಕಾವಿಗೆ ತತ್ತಿ ಇಡಬೇಡಿ. ಹಳೆಯ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿದಿರಬಹುದು.

4. ಹೊರಗಿನಿಂದ ಬಂದ ಕೋಳಿಯನ್ನು ಮೂರು ವಾರ ಬೇರೆ ಕಡೆ ಬುಟ್ಟಿಯಡಿ ಇಟ್ಟು ನೋಡಿ, ಆಮೇಲೆ ಹಿಂಡಿಗೆ ಬಿಡಿ. ಸಂತೆಯಿಂದ ಮಾರಾಟವಾಗದೆ ಮರಳಿದ ಕೋಳಿಗೂ ಇದೇ ನಿಯಮ.

5. ಬೀಜದ ಹುಂಜವನ್ನು ಮಾರುವ ಮೊದಲು ಕೂಟಕ್ಕೆ ತಿಳಿಸಬೇಕು.

ಬೀಜಕ್ಕೆ ಯಾವುದನ್ನು ಇಡಬೇಕು?

ಐದನೆಯ ನಿಯಮಕ್ಕೆ ಕಾರಣವಿದೆ. ಜಾತ್ರೆ, ಹಬ್ಬ, ನೆಂಟರು ಬಂದಾಗ ಮೊದಲು ಹೋಗುವುದು ಮನೆಯ ಅತಿ ತೂಕದ ಹುಂಜ. ಉಳಿಯುವುದು ಯಾರೂ ಕೇಳದ ಬಡಕಲು ಹುಂಜ, ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ತಂದೆ. ಹೋರಿಯ ವಿಷಯದಲ್ಲಿ ಯಾವ ರೈತನೂ ಹೀಗೆ ಮಾಡುವುದಿಲ್ಲ.

ಎಂಟು ವಾರದ ವಯಸ್ಸಿನಲ್ಲಿ ಮರಿಗಳನ್ನು ತೂಗಿ. ಚುರುಕಾದ, ಕಾಲು ನೆಟ್ಟಗಿರುವ, ಕಣ್ಣು ಹೊಳೆಯುವ, ತೂಕ ಚೆನ್ನಾಗಿರುವ ಎರಡು ಹುಂಜಗಳನ್ನು ಬೀಜಕ್ಕೆಂದು ಗುರುತಿಸಿ, ಒಂದು ಹೋದರೂ ಇನ್ನೊಂದು ಇರಲಿ. ಹೇಂಟೆಯನ್ನು ಆರಿಸುವಾಗ ಅದರ ತಾಯಿಯನ್ನು ನೋಡಿ: ಎಷ್ಟು ತತ್ತಿ ಇಟ್ಟಿತು ಎಂಬುದಕ್ಕಿಂತ ಎಷ್ಟು ಮರಿಗಳನ್ನು ಎಂಟು ವಾರಕ್ಕೆ ಮುಟ್ಟಿಸಿತು ಎಂಬುದೇ ಜವಾರಿ ಕೋಳಿಯ ನಿಜವಾದ ಅಳತೆ.

ಬಣ್ಣಕ್ಕೆ ಮರುಳಾಗಬೇಡಿ. ಕುತ್ತಿಗೆಯಲ್ಲಿ ಗರಿ ಇಲ್ಲದ ಕೋಳಿ, ಗುಂಗುರು ಗರಿಯ ಕೋಳಿ ಕಂಡರೆ ಚೆಂದವಿಲ್ಲವೆಂದು ಮೊದಲು ಮಾರುತ್ತಾರೆ. ಈ ಎರಡೂ ಗುಣಗಳು ಮೈಯ ಬಿಸಿಯನ್ನು ಬೇಗ ಹೊರಹಾಕಲು ನೆರವಾಗುತ್ತವೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅವು ಬೇಕಾದ ಕೋಳಿಗಳು.

ಕಾವು ಮತ್ತು ಮರಿ

ಕಾವಿಗೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಒಂದು ಹೇಂಟೆಗೆ 10ರಿಂದ 12 ತತ್ತಿ ಸಾಕು. ತತ್ತಿ ಏಳು ದಿನಕ್ಕಿಂತ ಹಳೆಯದಾಗಬಾರದು, ಸೆಖೆಯಲ್ಲಿ ನಾಲ್ಕೈದು ದಿನ ಮಾತ್ರ. ತೊಳೆಯಬೇಡಿ. ತಂಪಾದ ಮೂಲೆಯಲ್ಲಿ ಚೂಪು ತುದಿ ಕೆಳಗಾಗಿ ಇಡಿ. ಏಳನೆಯ ದಿನ ರಾತ್ರಿ ಬ್ಯಾಟರಿ ಹಿಡಿದು ನೋಡಿ: ಕೆಂಪು ನರಗಳ ಜಾಲ ಕಂಡರೆ ಮರಿ ಇದೆ, ಬರೀ ಬೆಳಕು ಕಂಡರೆ ಬಂಜೆ ತತ್ತಿ. 21ನೆಯ ದಿನ ಮರಿ ಹೊರಬರುತ್ತದೆ.

ಮರಿಗಳು ಹೆಚ್ಚು ಸಾಯುವುದು ಮೊದಲ ನಾಲ್ಕು ವಾರದಲ್ಲಿ. ಹದ್ದು, ಬೆಕ್ಕು, ಮುಂಗುಸಿ ಮತ್ತು ಚಳಿ ಇದಕ್ಕೆ ಕಾರಣ. ಈ ನಾಲ್ಕು ವಾರ ತಾಯಿ ಮರಿಗಳನ್ನು ಬುಟ್ಟಿಯಡಿ ಅಥವಾ ಜಾಳಿಗೆಯೊಳಗೆ ಇಟ್ಟು ಜೋಳದ ನುಚ್ಚು, ತೊಗರಿ ಚುನ್ನಿ, ಶುದ್ಧ ನೀರು ಕೊಡಿ. ಹತ್ತು ಮರಿಯಲ್ಲಿ ನಾಲ್ಕು ಉಳಿಯುವ ಕಡೆ ಏಳು ಉಳಿದರೆ, ಒಂದು ತತ್ತಿಯೂ ಹೆಚ್ಚದೆ ಆದಾಯ ಹೆಚ್ಚಿತು. ನಮ್ಮಲ್ಲಿ ಸೋಯಾಬೀನ್ ಬಹಳ ಬೆಳೆಯುತ್ತದೆ, ಆದರೆ ಹಸಿ ಸೋಯಾಬೀನ್ ಹಾಕಬೇಡಿ. ಅದರಲ್ಲಿ ಪಚನಕ್ಕೆ ಅಡ್ಡಿ ಮಾಡುವ ಅಂಶವಿದೆ. ಚೆನ್ನಾಗಿ ಹುರಿದು ನುಚ್ಚು ಮಾಡಿದರೆ ಸ್ವಲ್ಪ ಸೇರಿಸಬಹುದು.

ಲಸಿಕೆ: ಕೂಟ ಬೇಕೆನ್ನಲು ಇನ್ನೊಂದು ಕಾರಣ

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದು ವಾರದಲ್ಲಿ ಇಡೀ ಊರಿನ ಕೋಳಿಗಳನ್ನು ಖಾಲಿ ಮಾಡಬಲ್ಲದು. ಹಸಿರು ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕುತ್ತಿಗೆ ಇದರ ಲಕ್ಷಣ. ಬಂದ ಮೇಲೆ ಔಷಧಿ ಇಲ್ಲ, ಬಾರದಂತೆ ಲಸಿಕೆ ಇದೆ. ಆದರೂ ಹಳ್ಳಿಯಲ್ಲಿ ಲಸಿಕೆ ಹಾಕಿಸುವವರು ಕಡಿಮೆ, ಏಕೆಂದರೆ ಚಿಕ್ಕ ಬಾಟಲಿಯೂ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ತೆರೆದು ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಗೆ ಬಾಟಲಿ ತೆರೆಯುವವರು ಯಾರು? 15 ಮನೆಗಳು ಒಂದೇ ದಿನ ನಿಗದಿ ಮಾಡಿಕೊಂಡರೆ ಒಂದೇ ಬಾಟಲಿ ಎಲ್ಲ ಮರಿಗಳಿಗೂ ಸಾಕು.

- 5ರಿಂದ 7ನೇ ದಿನ: ಎಫ್-1 ಅಥವಾ ಲಸೋಟ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
- 28ನೇ ದಿನ: ಲಸೋಟ ಮತ್ತೊಮ್ಮೆ.
- 6–7ನೇ ವಾರ: ಕೋಳಿ ಸಿಡುಬಿನ ಲಸಿಕೆ, ರೆಕ್ಕೆಯ ಪೊರೆಗೆ.
- 9–10ನೇ ವಾರ: ಆರ್2ಬಿ, 0.5 ಮಿ.ಲೀ. ಚರ್ಮದಡಿ. ಇದಕ್ಕೆ ಒಂದು ವಾರ ಮೊದಲು ಜಂತುನಾಶಕ ಕೊಡಿಸಿ.

ಲಸಿಕೆಯನ್ನು ಮಂಜುಗಡ್ಡೆಯ ಡಬ್ಬಿಯಲ್ಲೇ ತರಬೇಕು. ಕಾಯಿಲೆ ಬಿದ್ದ ಕೋಳಿಗೆ ಹಾಕಬಾರದು. ಊರಿನ ಪಶು ಸಖಿ ಹನಿ ಹಾಕುವುದನ್ನು ಕಲಿತರೆ ಕೆಲಸ ಸುಲಭ. ಒಮ್ಮೆಗೇ ಬಹಳ ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ ಮುಟ್ಟದೆ, ಮಾರದೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ನಮ್ಮ ದೇಶದಲ್ಲಿ ಹಕ್ಕಿ ಜ್ವರ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಪಕ್ಕದ ಮಹಾರಾಷ್ಟ್ರದ ನವಾಪುರದಲ್ಲಿ.

ಹಾಲಿನ ಮನೆಯಲ್ಲಿ ಕೋಳಿ ಇದ್ದರೆ

ಕೋಳಿ ಕೊಟ್ಟಿಗೆಯ ಉಣ್ಣೆ, ಹುಳ ತಿನ್ನುತ್ತದೆ ಎಂಬುದು ನಿಜ. ಆದರೂ ಈ ಐದು ಎಚ್ಚರಿಕೆ ಬೇಕು.

- ಕೋಳಿ ಗೋದಲಿಯ ಮೇಲೆ, ಹಾಲಿನ ಕ್ಯಾನಿನ ಹತ್ತಿರ ಮಲಗಬಾರದು. ಹಿಕ್ಕೆಯ ರೋಗಾಣು ಮೇವಿಗೂ ಹಾಲಿಗೂ ಸೇರುತ್ತದೆ.
- ಸತ್ತ ಕೋಳಿಯನ್ನು ತಿಪ್ಪೆಗೆ, ಮೇವಿನ ಬಣವೆಯ ಬಳಿಗೆ ಎಸೆಯಬೇಡಿ. ಕೊಳೆತ ಕೋಳಿಯ ವಿಷ ಮೇವಿಗೆ ತಗುಲಿದರೆ ದನಗಳಿಗೆ ಬೊಟುಲಿಸಂ ಬರುತ್ತದೆ. ಕಾಲು ಸೋತು ಬಿದ್ದ ದನ ಏಳುವುದೇ ಇಲ್ಲ. ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ.
- ದನಕ್ಕೆ ಉಣ್ಣೆಯ ಔಷಧಿ ಸಿಂಪಡಿಸಿದ ದಿನ ಕೋಳಿಗಳನ್ನು ಕೂಡಿ ಹಾಕಿ. ವಿಷ ತಾಗಿದ ಉಣ್ಣೆ ಅವುಗಳ ಹೊಟ್ಟೆ ಸೇರಬಾರದು.
- ದನದ ಪಶು ಆಹಾರವನ್ನು ಕೋಳಿಗೆ ಹಾಕಬೇಡಿ. ಅದರ ನಾರು, ಉಪ್ಪು, ಕೆಲವುದರಲ್ಲಿ ಇರುವ ಯೂರಿಯಾ ದನದ ಹೊಟ್ಟೆಗೆ ಲೆಕ್ಕ ಹಾಕಿದ್ದು.
- ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿ ಎರಡಕ್ಕೂ ಬೇಡ. ಆ ವಿಷ ಕೋಳಿಯ ಪಿತ್ತಕೋಶ, ಯಕೃತ್ತು ಕೆಡಿಸುತ್ತದೆ, ದನದಿಂದ ಹಾಲಿಗೂ ಇಳಿಯುತ್ತದೆ.

ವಹಿಯಲ್ಲಿ ಬರೆದದ್ದೇ ತಳಿಯ ಹೆಸರು

ನಮ್ಮ ಜಿಲ್ಲೆಯ ದೇವಣಿ ಆಕಳಿಗೆ ಹೆಸರಿದೆ. ಅದಕ್ಕೆಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಬೀದ್ರಿ ಆಡು ಕೂಡ ಇತ್ತೀಚಿನ ವರ್ಷಗಳಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಗೆ ಸೇರಿತು. ಅಳತೆ, ತೂಕ, ಗುಣ ಎಲ್ಲ ದಾಖಲಾದ ಮೇಲೆಯೇ ಅದಕ್ಕೆ ಆ ಹೆಸರು ಬಂತು. ಕೋಲಾರ ಮತ್ತು ಆಂಧ್ರದ ಗಡಿಯ ಘಾಗಸ್ ಕೋಳಿಯೂ ಆ ಪಟ್ಟಿಯಲ್ಲಿದೆ. ನಮ್ಮ ಬೀದರ್ ಕಡೆಯ ಅಂಗಳದ ಕೋಳಿಗೆ ಅಂಥ ಹೆಸರಿಲ್ಲ. ಹೆಸರು ಬರುವಷ್ಟು ಬೇರೆ ಗುಣ ಅದಕ್ಕೆ ಇದೆಯೇ ಎಂದು ಹೇಳಬೇಕಾದರೂ ಮೊದಲು ಲೆಕ್ಕ ಬೇಕು.

ಆದ್ದರಿಂದ ಕೂಟಕ್ಕೆ ಒಂದು ವಹಿ ಇರಲಿ. ಹೇಂಟೆಯ ಗುರುತು, ಕಾವಿಗೆ ಇಟ್ಟ ತತ್ತಿ, ಹುಟ್ಟಿದ ಮರಿ, ಎಂಟು ವಾರಕ್ಕೆ ಉಳಿದ ಮರಿ, ಅವುಗಳ ತೂಕ: ಐದು ಕಾಲಂ ಸಾಕು. ಹಾಲಿನ ಸಂಘದ ಪುಸ್ತಕ ಬರೆಯುವ ಕೈಗೆ ಇದು ಕಷ್ಟವಲ್ಲ. ಮರಿ ಹುಟ್ಟಿದ ದಿನವೇ ಕಾಲ್ಬೆರಳುಗಳ ನಡುವಿನ ಪೊರೆಗೆ ಸಣ್ಣ ರಂಧ್ರ ಮಾಡಿ ಗುರುತು ಹಾಕುವ ಪದ್ಧತಿ ಇದೆ. ಎರಡು ಕಾಲಿನ ನಾಲ್ಕು ಪೊರೆಗಳಿಂದ 15 ಬೇರೆ ಬೇರೆ ಗುರುತು ಮಾಡಬಹುದು. 15 ಮನೆಗೆ ಸರಿಯಾಗಿ 15. ಪಶುವೈದ್ಯರಿಂದ ಒಮ್ಮೆ ಕಲಿತುಕೊಳ್ಳಿ.

ಹಣ ಹೂಡುವ ಮೊದಲು

ಕಡಕ್‌ನಾಥ್, ಅಸೀಲ್ ಹೆಸರು ಕೇಳಿ ಆಸೆಪಡುವವರು ಇದ್ದಾರೆ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ತಳಿ, 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ತಳಿ ಒಳ್ಳೆಯದೇ. ಆದರೆ "ಮರಿ ನಾವು ಕೊಡುತ್ತೇವೆ, ತತ್ತಿ ನಾವೇ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ" ಎಂಬ ಮಾತು ನಂಬಿ ಹಣ ಕಟ್ಟಿದ ಸಾಂಗ್ಲಿ ಕಡೆಯ ರೈತರು 2019ರಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರು. ಊರಿನ ಸಂತೆಯಲ್ಲಿ ಮಾರಲಾಗದ ಕೋಳಿಯನ್ನು ಸಾಲ ಮಾಡಿ ತರಬೇಡಿ. ಅಸೀಲ್ ಸಾಕುವವರು ನೆನಪಿಡಿ: ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ 50ರಂತೆ 25 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಅದು 1,000 ತಾಯಿ ಕೋಳಿಗಳ ಘಟಕಕ್ಕೆ. ಮೂರು ವರ್ಷ ವಹಿ ಬರೆದು, ಮರಿ ಉಳಿಸಿ, ಗಿರಾಕಿ ಕಂಡುಕೊಂಡ ಕೂಟ ಆ ಮಾತು ಎತ್ತಲಿ. ಮೊದಲ ವರ್ಷಕ್ಕೆ ಬೇಕಾದದ್ದು ಬುಟ್ಟಿ, ತಕ್ಕಡಿ, ವಹಿ ಮತ್ತು ಲಸಿಕೆಯ ಹಣ ಮಾತ್ರ.

ಈ ತಿಂಗಳು ಮಾಡಬೇಕಾದದ್ದು

ಮುಂದಿನ ಸಂಘದ ಸಭೆಯಲ್ಲಿ ಕೋಳಿ ಇರುವ ಮನೆಗಳ ಪಟ್ಟಿ ಮಾಡಿ. ಪ್ರತಿ ಮನೆಯಲ್ಲಿ ಎಷ್ಟು ಹುಂಜ, ಎಷ್ಟು ಹೇಂಟೆ, ಅವುಗಳಲ್ಲಿ ಕಾವು ಕೂರುವವು ಎಷ್ಟು ಎಂದು ಬರೆಯಿರಿ. ಹತ್ತು ಮನೆ ಸಿಕ್ಕರೆ ಆರಂಭಿಸಿ, ಹದಿನೈದಕ್ಕೆ ಬೆಳೆಸಿ. ಪಟ್ಟಿಯೊಂದಿಗೆ ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಬಂದು ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿ. ತರಬೇತಿಗೆ ಜನವಾಡದ ಕೃಷಿ ವಿಜ್ಞಾನ ಕೇಂದ್ರವನ್ನು, ಬೀದರಿನ ಪಶುವೈದ್ಯಕೀಯ ಕಾಲೇಜನ್ನು ಕೇಳಬಹುದು. ತುರ್ತು ಪಶುವೈದ್ಯ ಸೇವೆಗೆ ಸಹಾಯವಾಣಿ 1962 ಇದೆ.

ಅಲ್ಲಿಯವರೆಗೆ ಒಂದು ಕೆಲಸ ಇಂದೇ ಮಾಡಿ. ನಿಮ್ಮ ಮನೆಯ ಅತ್ಯುತ್ತಮ ಹುಂಜ ಯಾವುದೆಂದು ನೋಡಿ, ಈ ಸಲದ ಜಾತ್ರೆಗೆ ಅದನ್ನು ಬಿಟ್ಟು ಬೇರೊಂದನ್ನು ಮಾರಿ.